ಗಾಯಕರ ಸಾವು ಮತ್ತು ನಮ್ಮ ಎಣಿಕೆಯ ಚಟ

ಎಸ್.ಪಿ. ಬಾಲಸುಬ್ರಹ್ಮಣ್ಯಂ ಚೆನ್ನೈನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದದ್ದು 2020ರ ಸೆಪ್ಟೆಂಬರ್ 25ರ ಮಧ್ಯಾಹ್ನ. ಸುದ್ದಿ ಖಚಿತವಾಗುತ್ತಿದ್ದಂತೆಯೇ ಟಿ.ವಿ. ಪರದೆಯ ಕೆಳಗೆ ಅಂಕಿಗಳು ಓಡತೊಡಗಿದವು. 40,000 ಹಾಡು, 16 ಭಾಷೆ, 6 ರಾಷ್ಟ್ರಪ್ರಶಸ್ತಿ. ಮರುದಿನದ ಪತ್ರಿಕೆಗಳು ಶುರುವಾದದ್ದೂ ಅಲ್ಲಿಂದಲೇ. ಗಣ್ಯರ ಸಂತಾಪಗಳು, ಸಾಮಾಜಿಕ ಜಾಲತಾಣಗಳ ಕಣ್ಣೀರು, ವೇದಿಕೆಯ ಶ್ರದ್ಧಾಂಜಲಿ ಭಾಷಣಗಳು ಎಲ್ಲವೂ ಆ ಮೂರು ಅಂಕಿಗಳನ್ನು ಮಂತ್ರದ ಹಾಗೆ ಪಠಿಸಿದವು. ಅಳು ನಿಜವಾದದ್ದೇ, ಅದರಲ್ಲಿ ಯಾರಿಗೂ ಅನುಮಾನ ಬೇಡ. ಕೋವಿಡ್ ಕಾಲದಲ್ಲಿ ಮನೆಯೊಳಗೆ ಕೂತ ಕೋಟ್ಯಂತರ ಜನ ತಮ್ಮ ಮನೆಯವರನ್ನೇ ಕಳೆದುಕೊಂಡಷ್ಟು ನೊಂದುಕೊಂಡರು. ಆದರೆ ಆ ನೋವು ಬಾಯಿ ತೆರೆದಾಗ ಹೊರಬಂದದ್ದು ಮಾತ್ರ ದಾಸ್ತಾನು ಮಳಿಗೆಯ ಲೆಕ್ಕ. ಗಾಯಕರೊಬ್ಬರು ತೀರಿಕೊಂಡಾಗ ಅವರು ಏನನ್ನು ಹಾಡಿದರು, ಹೇಗೆ ಹಾಡಿದರು, ಯಾರ ಸಾಹಿತ್ಯವನ್ನು ಯಾರ ಸ್ವರದಲ್ಲಿ ಹಾಡಿದರು ಎಂದು ಹೇಳುವುದನ್ನು ಬಿಟ್ಟು ಎಷ್ಟು ಹಾಡಿದರು ಎಂದು ಹೇಳುವುದು ನಮಗೆ ಚಟವಾಗಿದೆ. ಈ ಚಟ ನೋಡಲು ನಿರಪಾಯ. ಆದರೆ ಇದು ಹಾಡನ್ನು ಕೇಳುವ ಕೆಲಸದಿಂದ ನಮ್ಮನ್ನು ತಪ್ಪಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಹಾಡಿಗೆ ದುಡಿದ ಉಳಿದವರ ಹೆಸರನ್ನು ಅಳಿಸಿಹಾಕುತ್ತದೆ.

ಮೊದಲು ಅಂಕಿಯನ್ನೇ ನೋಡೋಣ. ಎಸ್‌ಪಿಬಿ ಅವರ ಮೊದಲ ಧ್ವನಿಮುದ್ರಣ 1966ರ ಡಿಸೆಂಬರ್‌ನಲ್ಲಿ, ಗುರು ಎಸ್.ಪಿ. ಕೋದಂಡಪಾಣಿ ಸಂಗೀತದ ತೆಲುಗು ಚಿತ್ರಕ್ಕೆ. ಅದಾಗಿ ಎಂಟೇ ದಿನಕ್ಕೆ ಎರಡನೆಯದು, ಅದು ಕನ್ನಡಕ್ಕೆ: ಎಂ. ರಂಗರಾವ್ ಸಂಗೀತ ನೀಡಿದ ‘ನಕ್ಕರೆ ಅದೇ ಸ್ವರ್ಗ’. ಅಲ್ಲಿಂದ 2020ರವರೆಗೆ 54 ವರ್ಷ. ನಲವತ್ತು ಸಾವಿರವನ್ನು ಆ ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 740 ಹಾಡು, ಅಂದರೆ ಹಬ್ಬ, ಹುಣ್ಣಿಮೆ, ಜ್ವರ, ನೆಗಡಿ, ವಿದೇಶ ಪ್ರವಾಸ ಒಂದನ್ನೂ ಕಳೆಯದೆ ಜೀವನಪರ್ಯಂತ ದಿನಕ್ಕೆರಡು. ಎಪ್ಪತ್ತು, ಎಂಬತ್ತರ ದಶಕದ ಭರಾಟೆಯಲ್ಲಿ ಅವರು ದಿನಕ್ಕೆ ಎರಡಕ್ಕಿಂತ ಎಷ್ಟೋ ಹೆಚ್ಚು ಹಾಡಿದ್ದುಂಟು. ಆದರೆ ಆರಂಭದ ವರ್ಷಗಳಲ್ಲಾಗಲಿ, ಹೊಸ ದನಿಗಳು ಬಂದ ಮೇಲಿನ ಎರಡು ದಶಕಗಳಲ್ಲಾಗಲಿ ಆ ಭರಾಟೆ ಇರಲಿಲ್ಲ. ಅಂಕಿ ಸುಳ್ಳು ಎಂದು ಸಾಧಿಸುವುದು ಇಲ್ಲಿ ಉದ್ದೇಶವಲ್ಲ. ಅದನ್ನು ಬರೆದವರಲ್ಲಿ ಯಾರೂ ಅದರ ಹಿಂದಿನ ಪಟ್ಟಿ ತೋರಿಸಲಿಲ್ಲ, ಓದಿದವರು ಕೇಳಲೂ ಇಲ್ಲ. 2016ರಲ್ಲಿ ಪಿ. ಸುಶೀಲಾ ಅವರ ಹೆಸರು ಗಿನ್ನೆಸ್ ದಾಖಲೆ ಸೇರಿದಾಗ ಅಲ್ಲಿ ನಮೂದಾದ ಸಂಖ್ಯೆ 17,695. ಅದೊಂದು ಒರಟೊರಟಾದ, ತುದಿ ನಯಗೊಳಿಸದ ಸಂಖ್ಯೆ. ಯಾರೋ ಕುಳಿತು ಒಂದೊಂದಾಗಿ ಎಣಿಸಿದ್ದಾರೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ನಾಲ್ಕು ವರ್ಷ ಕಳೆದ ಮೇಲೆ ಅವೇ ಮಾಧ್ಯಮಗಳು ನಲವತ್ತು ಸಾವಿರವನ್ನೂ ಗಿನ್ನೆಸ್ ದಾಖಲೆ ಎಂದೇ ಬರೆದವು. ಎರಡನ್ನೂ ಓದಿದ ನಮಗೆ ಒಂದು ಗಳಿಗೆ ಹುಬ್ಬು ಗಂಟಿಕ್ಕಬೇಕು ಅನ್ನಿಸಲಿಲ್ಲ.

ಈ ಚಟಕ್ಕೆ ಹಳೆಯ ಚರಿತ್ರೆಯೂ ಇದೆ. 1974ರ ಗಿನ್ನೆಸ್ ಪುಸ್ತಕ ಲತಾ ಮಂಗೇಶ್ಕರ್ ಸುಮಾರು 25,000 ಹಾಡು ಹಾಡಿದ್ದಾರೆ ಎಂದು ಪ್ರಕಟಿಸಿತು. ಮೊಹಮ್ಮದ್ ರಫಿ ಸುಮ್ಮನಿರಲಿಲ್ಲ. ಲತಾಗಿಂತ ಹೆಚ್ಚು ಹಾಡಿರುವುದು ತಾನೇ ಎಂದು ಆ ಸಂಸ್ಥೆಗೆ ಪತ್ರ ಬರೆದರು. 1980ರಲ್ಲಿ ರಫಿ ತೀರಿಕೊಂಡ ಮೇಲೆ ಬಂದ ಆವೃತ್ತಿಯಲ್ಲಿ ಲತಾ ಹೆಸರಿನ ಪಕ್ಕ ರಫಿಯ ಹಕ್ಕೊತ್ತಾಯವೂ ಸೇರಿತು. ಮುಂದೆ ಲತಾ ಅಂಕಿ 30,000ಕ್ಕೆ ಏರಿತು. 1991ರ ಹೊತ್ತಿಗೆ ಆ ನಮೂದೇ ಪುಸ್ತಕದಿಂದ ಮಾಯವಾಯಿತು. ಹಿಂದಿಯಲ್ಲಿ ಆಗ ವರ್ಷಕ್ಕೆ ತಯಾರಾಗುತ್ತಿದ್ದದ್ದು ನೂರರಿಂದ ನೂರೈವತ್ತು ಚಿತ್ರ, ಚಿತ್ರಕ್ಕೆ ಏಳೆಂಟು ಹಾಡು. ನಲವತ್ತು ವರ್ಷದ ಹಿಂದಿ ಹಾಡುಗಳನ್ನೆಲ್ಲ, ಗಂಡು ದನಿಯ ಹಾಡುಗಳನ್ನೂ ಸೇರಿಸಿ, ಒಂದೇ ರಾಶಿ ಮಾಡಿದರೂ ಮೂವತ್ತು ನಲವತ್ತು ಸಾವಿರದ ಆಸುಪಾಸು. ಅಂದಮೇಲೆ ಗೀತಾ ದತ್ತ, ಆಶಾ, ಮುಕೇಶ್, ಕಿಶೋರ್, ಮನ್ನಾ ಡೇ ಇವರೆಲ್ಲ ಹಾಡಿದ್ದೇನನ್ನು? ಪಟ್ಟಿ ಹಿಡಿದು ಎಣಿಸಿದ ಸಂಗ್ರಾಹಕರಿಗೆ ಸಿಕ್ಕ ಲತಾ ಅವರ ಹಿಂದಿ ಚಿತ್ರಗೀತೆಗಳು ಐದು ಸಾವಿರದ ಸುತ್ತಮುತ್ತ. ಐದು ಸಾವಿರ ಎಂದರೆ ಸಣ್ಣ ಮಾತಲ್ಲ. ಆದರೂ 2022ರ ಫೆಬ್ರುವರಿ 6ರಂದು ಅವರು ತೀರಿಕೊಂಡಾಗ ಹಳೆಯ ಇಪ್ಪತ್ತೈದು, ಮೂವತ್ತು ಸಾವಿರಗಳು ಮತ್ತೆ ಎದ್ದು ಬಂದವು. ಕೆಲವೆಡೆ ಐವತ್ತು ಸಾವಿರ ಎಂದೂ ಅಚ್ಚಾಯಿತು.

ಆ ದಿನಗಳ ಕನ್ನಡ ಬರಹಗಳಲ್ಲಿ ಮಾತ್ರ ಒಂದು ಸ್ವಾರಸ್ಯವಿತ್ತು. ಲತಾ ಕನ್ನಡಕ್ಕೆ ಹಾಡಿದ್ದು ಒಂದೇ ಒಂದು ಚಿತ್ರಕ್ಕೆ: 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’. ಎಣಿಸಲು ಏನೂ ಇಲ್ಲದ ಕಾರಣ ನಮ್ಮವರು ಆ ಚಿತ್ರದ ಹಾಡಿನ ಬಗ್ಗೆಯೇ ಬರೆಯಬೇಕಾಯಿತು. ಚಿತ್ರದ ಹೆಸರು ಬಂತು, ಸಂಗೀತ ನಿರ್ದೇಶಕ ಲಕ್ಷ್ಮಣ ಬರ್ಲೇಕರ್ ಹೆಸರು ಬಂತು, ಬೆಳಗಿನ ಹೊತ್ತನ್ನು ಬಣ್ಣಿಸುವ ಆ ಹಾಡಿನಲ್ಲಿ ಕನ್ನಡದ ಉಚ್ಚಾರ ಅವರ ಬಾಯಲ್ಲಿ ಹೇಗೆ ಹೊರಳಿದೆ ಎಂಬ ಮಾತೂ ಬಂತು. ಬರ್ಲೇಕರ್ ಹೆಸರನ್ನು ಹೊಸ ತಲೆಮಾರಿನ ಎಷ್ಟೋ ಓದುಗರು ಕೇಳಿದ್ದೇ ಆಗ. ಅಂಕಿ ಚಿಕ್ಕದಿದ್ದಾಗ ಕಿವಿ ತೆರೆಯಿತು. ಎಸ್‌ಪಿಬಿ ವಿಷಯದಲ್ಲಿ ನಮಗೆ ಸಾವಿರಾರು ಹಾಡಿನ ಸಿರಿ ಇತ್ತು. ಆ ಸಿರಿಯೇ ನಮ್ಮನ್ನು ಸೋಮಾರಿಗಳನ್ನಾಗಿ ಮಾಡಿತು.

ಇದಕ್ಕೆ ಬರುವ ಮೊದಲ ಆಕ್ಷೇಪ ನಮ್ಮ ಪರಂಪರೆಯ ಕಡೆಯಿಂದ. ಪುರಂದರದಾಸರು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಕೃತಿ ರಚಿಸಿದರು ಎಂಬ ಪ್ರತೀತಿ ಉಂಟು. ಸರ್ವಜ್ಞನ ಲೆಕ್ಕ ಏಳು ಕೋಟಿಯನ್ನು ಮೀರುತ್ತದೆ. ತ್ಯಾಗರಾಜರಿಗೆ ಇಪ್ಪತ್ನಾಲ್ಕು ಸಾವಿರ. ಇವು ಎಣಿಕೆಯಲ್ಲ, ಭಕ್ತಿ. ಈ ನಾಡು ತಾನು ಪ್ರೀತಿಸಿದವರಿಗೆ ಅಳತೆ ಮೀರಿದ ಅಂಕಿ ಕೊಟ್ಟೇ ಗೌರವಿಸುತ್ತ ಬಂದಿದೆ. ಬಾಲು ಅವರ ನಲವತ್ತು ಸಾವಿರವೂ ಆ ಸಾಲಿನದ್ದೇ, ಅದನ್ನು ಗುಮಾಸ್ತನ ಹಾಗೆ ತಿದ್ದುವುದು ರಸಹೀನತೆ ಎಂದು ಹೇಳಬಹುದು. ಈ ವಾದದಲ್ಲಿ ತೂಕವಿದೆ. ಆದರೆ ದಾಸರ ಅಂಕಿ ಮತ್ತು ಸಿನಿಮಾದ ಅಂಕಿ ಮಾಡುವ ಕೆಲಸ ಒಂದೇ ಅಲ್ಲ. ಪುರಂದರರ ಪದಕ್ಕೆ ಮಾತು ಅವರದೇ, ಅಂಕಿತ ಅವರದೇ. ಆ ಅಂಕಿಯನ್ನು ಎಷ್ಟು ಹಿಗ್ಗಿಸಿದರೂ ಇನ್ನೊಬ್ಬರ ಪಾಲು ಕಡಿಮೆಯಾಗುವುದಿಲ್ಲ. ಅಲ್ಲದೆ ಅವರ ಹೆಸರಿನಲ್ಲಿ ಇಂದು ದೊರಕುವುದು ಒಂದು ಸಾವಿರ ಚಿಲ್ಲರೆ ಮಾತ್ರ ಎಂಬುದನ್ನು ನಮ್ಮ ವಿದ್ವಾಂಸರು ಮುಚ್ಚಿಟ್ಟಿಲ್ಲ. ಹಸ್ತಪ್ರತಿಗಳನ್ನು ಹುಡುಕಿ, ಪಾಠಾಂತರ ನೋಡಿ, ಖೊಟ್ಟಿ ಪದಗಳನ್ನು ಬೇರ್ಪಡಿಸಿ ಸಂಪಾದಿಸಿದ್ದಾರೆ. ನಾಲ್ಕೈದು ಶತಮಾನದ ಹಿಂದಿನ ದಾಸರ ಬಗ್ಗೆ ತೋರಿದ ಈ ಶ್ರದ್ಧೆಯನ್ನು ನಲವತ್ತು ವರ್ಷದ ಹಿಂದಿನ ಧ್ವನಿಮುದ್ರಣದ ಬಗ್ಗೆ ತೋರದಿದ್ದರೆ ಅದಕ್ಕೆ ಭಕ್ತಿಯ ನೆಪ ಸಾಲದು. ಸಿನಿಮಾ ಹಾಡು ಒಬ್ಬರದ್ದಲ್ಲ. ಬರೆದವರೊಬ್ಬರು, ರಾಗ ಹಾಕಿದವರೊಬ್ಬರು, ವಾದ್ಯ ಸಂಯೋಜಿಸಿದವರು, ಪಿಟೀಲು ತಬಲಾ ಕೊಳಲು ನುಡಿಸಿದವರು, ಮೈಕಿನ ಮುಂದೆ ನಿಂತವರು, ಗಾಜಿನ ಕೋಣೆಯಲ್ಲಿ ಕೂತು ಧ್ವನಿ ಹಿಡಿದವರು. ಇಲ್ಲಿ ಒಬ್ಬರ ಹೆಸರಿಗೆ ನಲವತ್ತು ಸಾವಿರ ಬರೆಯುವುದೆಂದರೆ ಉಳಿದವರ ನಲವತ್ತು ಸಾವಿರವನ್ನೂ ಅವರ ಖಾತೆಗೇ ಜಮಾ ಮಾಡಿದಂತೆ.

ಎರಡನೆಯ ಆಕ್ಷೇಪ ಇನ್ನಷ್ಟು ಗಟ್ಟಿ. ಹಿನ್ನೆಲೆ ಗಾಯನ ಒಂದು ದುಡಿಮೆ. ಅರ್ಧ ಶತಮಾನ ಬೆಳಗೆದ್ದು ಸ್ಟುಡಿಯೋಗೆ ಹೋಗಿ, ಒಪ್ಪಿಸಿದ ಹಾಡನ್ನು ತಪ್ಪಿಲ್ಲದೆ ಹಾಡಿ, ಮುಂದಿನ ಸ್ಟುಡಿಯೋಗೆ ಓಡಿದ ಮನುಷ್ಯನ ಶ್ರಮವನ್ನು ಸಂಖ್ಯೆಯಲ್ಲದೆ ಬೇರೆ ಯಾವುದರಲ್ಲಿ ಹೇಳುತ್ತೀರಿ? ಒಪ್ಪಬೇಕಾದ ಪ್ರಶ್ನೆ. ಹಾಗಿದ್ದರೆ ಸಂಖ್ಯೆಯನ್ನು ಶ್ರಮದ ಲೆಕ್ಕವಾಗಿಯೇ ಓದೋಣ. ಎಸ್‌ಪಿಬಿ ಬಗ್ಗೆ ಕನ್ನಡದಲ್ಲಿ ಅತಿ ಹೆಚ್ಚು ಬಾರಿ ಹೇಳಲಾಗುವ ಮಾತು 1981ರ ಫೆಬ್ರುವರಿ 8ರದು: ಅಂದು ಬೆಳಿಗ್ಗೆ 9ರಿಂದ ರಾತ್ರಿ 9ರ ತನಕ ಬೆಂಗಳೂರಿನಲ್ಲಿ ಉಪೇಂದ್ರಕುಮಾರ್ ಸಂಗೀತದಲ್ಲಿ 21 ಹಾಡುಗಳನ್ನು ಹಾಡಿದರು ಎಂಬುದು. ಹನ್ನೆರಡು ಗಂಟೆಗೆ ಇಪ್ಪತ್ತೊಂದು ಎಂದರೆ, ಊಟ ತಿಂಡಿಯ ಬಿಡುವನ್ನೂ ಲೆಕ್ಕಿಸದೆ, ಹಾಡಿಗೆ ಸರಿಸುಮಾರು 34 ನಿಮಿಷ. ಆ 34 ನಿಮಿಷದಲ್ಲಿ ಏನೇನಾಗಬೇಕು? ಸಾಹಿತ್ಯ ಬರೆದುಕೊಳ್ಳಬೇಕು, ರಾಗ ಕೇಳಿ ಕಲಿಯಬೇಕು, ಸಂದರ್ಭವೇನು, ತೆರೆಯ ಮೇಲೆ ತುಟಿಯಾಡಿಸುವವರು ಯಾರು ಎಂದು ತಿಳಿದುಕೊಳ್ಳಬೇಕು, ಒಂದೆರಡು ಬಾರಿ ಅಭ್ಯಾಸ ಮಾಡಬೇಕು, ಆಮೇಲೆ ಹಾಡಬೇಕು. ವಾದ್ಯಗೋಷ್ಠಿಯೂ ಜೊತೆಗೇ ನುಡಿಸುತ್ತಿದ್ದರೆ ಯಾರಾದರೂ ಒಬ್ಬರು ಒಂದು ಸ್ವರ ತಪ್ಪಿದರೂ ಎಲ್ಲವೂ ಮೊದಲಿಂದ. ಹಾಗಾಗಿ ವಾದ್ಯದ ಟ್ರ್ಯಾಕುಗಳು ಮೊದಲೇ ಸಿದ್ಧವಾಗಿದ್ದಿರಬೇಕು. ಇಲ್ಲವಾದರೆ ಆ ಸ್ಟುಡಿಯೋದಲ್ಲಿದ್ದ ಪ್ರತಿಯೊಬ್ಬ ವಾದಕನೂ ಅಂದು ಗಾಯಕರಷ್ಟೇ ದೊಡ್ಡ ಸಾಹಸ ಮಾಡಿದ್ದಾನೆ. ಮೊದಲನೆಯದು ನಿಜವಾದರೆ ಇಪ್ಪತ್ತೊಂದು ಟ್ರ್ಯಾಕುಗಳನ್ನು ಅದಕ್ಕೂ ಮುಂಚೆ ಎಷ್ಟು ದಿನ ಕೂತು, ಎಷ್ಟು ಜನ, ಎಷ್ಟು ಕೂಲಿಗೆ ನುಡಿಸಿ ಮುಗಿಸಿದರು ಎಂಬ ಕಥೆ ಇದೆ. ಎರಡನೆಯದು ನಿಜವಾದರೆ ಅದು ಇನ್ನೂ ದೊಡ್ಡ ಕಥೆ. ಎರಡರಲ್ಲಿ ಯಾವುದೆಂದು 21 ಎಂಬ ಅಂಕಿ ಹೇಳುವುದಿಲ್ಲ. ಹಳೆಯ ಪಂಚಾಂಗ ತೆಗೆದರೆ ಅಂದು ಭಾನುವಾರ ಎಂಬುದಾದರೂ ಗೊತ್ತಾಗುತ್ತದೆ; ಆ ಇಪ್ಪತ್ತೊಂದು ಹಾಡುಗಳು ಯಾವುವು ಎಂಬುದು ಶ್ರದ್ಧಾಂಜಲಿಗಳಿಂದ ಗೊತ್ತಾಗುವುದಿಲ್ಲ. ಅವುಗಳಲ್ಲಿ ಎಷ್ಟು ನಿಂತವು, ಎಷ್ಟು ಚಿತ್ರದೊಂದಿಗೇ ಮುಳುಗಿದವು, ಅವಸರದ ಆ ದಿನ ದನಿ ಯಾವ ಹಾಡಿನ ಹೊತ್ತಿಗೆ ದಣಿದಿತ್ತು? ಶ್ರಮವನ್ನು ಗೌರವಿಸಬೇಕಾದರೆ ಕೇಳಬೇಕಾದ ಪ್ರಶ್ನೆಗಳು ಇವು. ಅಂಕಿ ಅವುಗಳಿಗೆ ಉತ್ತರ ಕೊಡುವುದಿಲ್ಲ, ಬದಲಿಗೆ ಕೇಳುವ ಅಗತ್ಯವೇ ಇಲ್ಲವೆನ್ನುವ ಭ್ರಮೆ ಹುಟ್ಟಿಸುತ್ತದೆ.

ಯಾರ ಹೆಸರು ಅಳಿಸಿಹೋಗುತ್ತದೆ ಎಂಬುದಕ್ಕೆ 2020ನೆಯ ವರ್ಷವೇ ಸಾಕ್ಷಿ ಕೊಟ್ಟಿತು. ಎಸ್‌ಪಿಬಿ ಹೋದ 16 ದಿನಕ್ಕೆ, 2020ರ ಅಕ್ಟೋಬರ್ 11ರಂದು, ಬೆಂಗಳೂರಿನಲ್ಲಿ ಸಂಗೀತ ನಿರ್ದೇಶಕ ರಾಜನ್ ತೀರಿಕೊಂಡರು. ರಾಜನ್–ನಾಗೇಂದ್ರ ಜೋಡಿಯ ಅಣ್ಣ. ತಮ್ಮ ನಾಗೇಂದ್ರ 2000ದಲ್ಲೇ ಹೋಗಿದ್ದರು. ಕನ್ನಡಿಗರು ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ಮತ್ತೆ ಹಾಕಿ ಕೇಳಿ ಕಣ್ಣೀರಿಟ್ಟ ಬಾಲು ಹಾಡುಗಳಲ್ಲಿ ಒಂದು ದೊಡ್ಡ ಭಾಗ ಈ ಸೋದರರದ್ದು: ‘ಬಯಲುದಾರಿ’, ‘ಹೊಂಬಿಸಿಲು’, ‘ನಾ ನಿನ್ನ ಬಿಡಲಾರೆ’. ಅನಂತನಾಗ್ ಮೇಲೆ, ವಿಷ್ಣುವರ್ಧನ್ ಮೇಲೆ ಕೂತ ಆ ಮೃದುವಾದ, ಕೊಂಚ ತುಂಟತನದ ದನಿಗೆ ಹಾದಿ ಹಾಕಿಕೊಟ್ಟದ್ದು ಈ ಮೈಸೂರಿನ ಅಣ್ಣತಮ್ಮಂದಿರ ಸ್ವರಗಳು, ಅದರಲ್ಲಿ ಬಹುಪಾಲಿಗೆ ಮಾತು ಕೊಟ್ಟದ್ದು ಚಿ. ಉದಯಶಂಕರ್. ಹಾಡನ್ನೇ ಕೇಳಿ ಅತ್ತಿದ್ದರೆ ಹದಿನಾರು ದಿನಗಳಲ್ಲಿ ನಾವು ಅದೇ ಹಾಡುಗಳಿಗೆ ಎರಡನೆಯ ಸಲ ಅಳಬೇಕಿತ್ತು. ರಾಜನ್ ಸಾವು ಸುದ್ದಿಯಾಗಲಿಲ್ಲವೆಂದಲ್ಲ, ಆಯಿತು. ಹಿಂದಿನ ಅಲೆಯ ಪಕ್ಕದಲ್ಲಿ ಅದು ಎಷ್ಟು ಸಣ್ಣದಾಗಿತ್ತು ಎಂಬುದು ಆ ತಿಂಗಳ ಪತ್ರಿಕೆಗಳನ್ನು ತಿರುವಿದವರಿಗೆ ಗೊತ್ತು.

ಪ್ರಶಸ್ತಿಯ ಲೆಕ್ಕದಲ್ಲೂ ಇದೇ ಆಟ. ಆರು ರಾಷ್ಟ್ರಪ್ರಶಸ್ತಿಗಳಲ್ಲಿ ಒಂದು ಕನ್ನಡಕ್ಕೆ ಬಂದದ್ದು, 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ. ಅದೇ ಚಿತ್ರಕ್ಕೆ, ಅದೇ ವರ್ಷ, ಶ್ರೇಷ್ಠ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಹಂಸಲೇಖ ಅವರಿಗೆ ಬಂತು. ಶಾಸ್ತ್ರೀಯವಾಗಿ ಪಾಠವಾಗದ ಒಬ್ಬ ತೆಲುಗು ಗಾಯಕನ ಕೈಯಲ್ಲಿ ಗದಗಿನ ಗವಾಯಿಯೊಬ್ಬರ ಹಿಂದೂಸ್ತಾನಿ ಗಾಯನಶೈಲಿಯನ್ನು ನಂಬುವಂತೆ ಹಾಡಿಸುವುದು ಎರಡೂ ಕಡೆಯವರಿಗೆ ಒಡ್ಡಿದ ಸವಾಲಾಗಿತ್ತು. ಸವಾಲು ಜೋಡಿಯದು, ಗೆಲುವೂ ಜೋಡಿಯದು. ಆದರೆ ಆರು ಎಂಬ ಅಂಕಿಯೊಳಗೆ ಹೊಕ್ಕ ಕೂಡಲೇ ಅದು ಒಬ್ಬರ ಪದಕವಾಗಿಬಿಡುತ್ತದೆ. ಆರರಲ್ಲಿ ಇನ್ನೊಂದನ್ನು ತಂದ ‘ಶಂಕರಾಭರಣಂ’ಗೂ ಅಷ್ಟೇ: ಆ ವರ್ಷ ಸಂಗೀತ ನಿರ್ದೇಶಕ ಕೆ.ವಿ. ಮಹದೇವನ್ ಮತ್ತು ಗಾಯಕಿ ವಾಣಿ ಜಯರಾಂ ಕೂಡ ಅದೇ ಚಿತ್ರಕ್ಕೆ ಗೆದ್ದಿದ್ದರು.

ಹಾಡು ಯಾರದು ಎಂಬುದು ಕೇವಲ ಸೌಜನ್ಯದ ಪ್ರಶ್ನೆಯೂ ಅಲ್ಲ. 2017ರಲ್ಲಿ ಎಸ್‌ಪಿಬಿ ತಮ್ಮ ಗಾಯನದ ಐವತ್ತನೆಯ ವರ್ಷದ ನೆಪದಲ್ಲಿ ಅಮೆರಿಕದ ಪ್ರವಾಸದಲ್ಲಿದ್ದಾಗ, ತನ್ನ ಅನುಮತಿ ಇಲ್ಲದೆ ತನ್ನ ಹಾಡುಗಳನ್ನು ವೇದಿಕೆಯಲ್ಲಿ ಹಾಡಬಾರದು ಎಂದು ಸಂಗೀತ ನಿರ್ದೇಶಕ ಇಳಯರಾಜ ವಕೀಲರ ಮೂಲಕ ನೋಟಿಸು ಕಳಿಸಿದರು. ಇಬ್ಬರೂ ಆಪ್ತ ಗೆಳೆಯರು. ಅಭಿಮಾನಿಗಳಿಗೆ ಅದು ಗೆಳೆಯರ ಜಗಳ. ಎಸ್‌ಪಿಬಿ ತೀರಿಕೊಂಡಾಗ ಬರೆದವರಿಗೆ, ಕೊನೆಗೆ ಒಂದಾದರಲ್ಲ ಎನ್ನುವ ಸುಖಾಂತ. ಅದರ ನಡುವೆ ಇದ್ದ ಕಾನೂನಿನ ಪ್ರಶ್ನೆ ತೇಲಿಹೋಯಿತು. 2012ರ ಕೃತಿಸ್ವಾಮ್ಯ ತಿದ್ದುಪಡಿ ಚಿತ್ರಗೀತೆಯ ಸಾಹಿತಿ ಮತ್ತು ಸಂಗೀತಗಾರರಿಗೆ ರಾಯಧನದಲ್ಲಿ ಬಿಟ್ಟುಕೊಡಲಾಗದ ಪಾಲನ್ನು ಕೊಟ್ಟಿದೆ, ಹಾಡಿದವರಿಗೂ ಪಾಲಿದೆ. ಅದಕ್ಕೂ ಅರ್ಧ ಶತಮಾನದ ಹಿಂದೆ ಲತಾ ಗಾಯಕರಿಗೂ ರಾಯಧನ ಬೇಕೆಂದಾಗ, ಹಾಡಿದ್ದಕ್ಕೆ ಸಂಭಾವನೆ ಬಂದ ಮೇಲೆ ಲೆಕ್ಕ ಚುಕ್ತಾ ಎಂದು ರಫಿ ಹೇಳಿ, ಇಬ್ಬರೂ ಕೆಲ ವರ್ಷ ಜೊತೆಯಾಗಿ ಹಾಡದೇ ಇದ್ದದ್ದುಂಟು. ಎಷ್ಟು ಎಂಬ ಜಗಳಕ್ಕಿಂತ ಇದು ಎಷ್ಟೋ ಅರ್ಥಪೂರ್ಣವಾದ ಜಗಳ. ರಾಯಧನ ಸಂದಾಯವಾಗುವುದು ಹಾಡಿನ ಲೆಕ್ಕದಲ್ಲಿ, ಹೆಸರಿನ ಲೆಕ್ಕದಲ್ಲಿ. ಯಾವ ಪಟ್ಟಿಯಲ್ಲೂ ಬರೆದವರ ಹೆಸರಿಲ್ಲದ ಹಾಡು ಮೊಬೈಲಿನಲ್ಲಿ ಎಷ್ಟು ಲಕ್ಷ ಸಲ ಮೊಳಗಿದರೂ ಆ ಕವಿಯ ಮನೆಗೆ ಕಾಸು ತಲುಪುವುದು ಹೇಗೆ? ನಲವತ್ತು ಸಾವಿರ ಎಂದು ಹೇಳಿ ಕೈತೊಳೆದುಕೊಳ್ಳುವ ಶೋಕಕ್ಕೆ ಈ ಪ್ರಶ್ನೆ ಕೇಳಿಸುವುದೇ ಇಲ್ಲ.

ಸಾಮಾನ್ಯ ಓದುಗನಿಗೆ ಈ ವಿವರವೆಲ್ಲ ಯಾಕೆ, ಅಂಕಿಯಾದರೆ ಮಗುವಿಗೂ ಅರ್ಥವಾಗುತ್ತದೆ ಎಂದು ಸಂಪಾದಕರು ಹೇಳಬಹುದು. ಇದು ಓದುಗನನ್ನು ಕೀಳಂದಾಜು ಮಾಡುವ ಮಾತು. ದಶಕಗಳ ಕಾಲ ಆಕಾಶವಾಣಿ ಮತ್ತು ವಿವಿಧಭಾರತಿ ಪ್ರತಿ ಚಿತ್ರಗೀತೆಗೂ ಚಿತ್ರದ ಹೆಸರು, ಬರೆದವರು, ಸಂಗೀತ, ಹಾಡಿದವರು ಎಂದು ಹೇಳಿಯೇ ಹಾಡು ಹಾಕುತ್ತಿದ್ದವು. ಹೊಲದಲ್ಲಿ, ಬೀಡಿ ಕಟ್ಟುವ ಜಗಲಿಯಲ್ಲಿ, ಕ್ಷೌರದ ಅಂಗಡಿಯಲ್ಲಿ ಕೇಳುತ್ತಿದ್ದ ಜನಕ್ಕೆ ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್, ವಿಜಯಭಾಸ್ಕರ್, ಸತ್ಯಂ ಎಲ್ಲ ಬಾಯಿಪಾಠವಾಗಿದ್ದದ್ದು ಹಾಗೆ. ಖಾಸಗಿ ಎಫ್‌ಎಂ ಆ ರೂಢಿಯನ್ನು ಮುರಿಯಿತು, ಹಾಡಿನ ಆ್ಯಪುಗಳು ಪೂರಾ ಮುಗಿಸಿದವು. ಅಲ್ಲಿ ಕಾಣುವುದು ಚಿತ್ರದ ಪೋಸ್ಟರು ಮತ್ತು ಗಾಯಕರ ಹೆಸರು, ಸಾಹಿತಿಯ ಹೆಸರಿಗೆ ಬೆರಳು ಸವೆಸಬೇಕು. ಜನಕ್ಕೆ ಹೆಸರು ಬೇಡವಾಗಿರಲಿಲ್ಲ, ಕೊಡುವುದನ್ನು ನಿಲ್ಲಿಸಲಾಯಿತು.

ಅಂಕಿಯ ಜಾಗದಲ್ಲಿ ಏನು ಬರೆಯಬಹುದಿತ್ತು? 1972ರ ‘ನಾಗರಹಾವು’ ತೆಗೆದುಕೊಳ್ಳಿ. ನಾಯಕ ರಾಮಾಚಾರಿ ಒಬ್ಬನೇ, ಅವನಿಗೆ ದನಿಗಳು ಎರಡು. ಹುಡುಗಿಯನ್ನು ಕರೆಯುವಾಗ ಪಿ.ಬಿ. ಶ್ರೀನಿವಾಸ್, ಸೇಡಿನಲ್ಲಿ ಕುದಿಯುವಾಗ ಎಸ್‌ಪಿಬಿ. ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಯಾಕೆ ಹಾಗೆ ಹಂಚಿದರು ಎಂಬುದು ಎರಡೂ ಹಾಡನ್ನು ಒಂದರ ಹಿಂದೊಂದು ಕೇಳಿದರೆ ತಿಳಿಯುತ್ತದೆ. ಪಿಬಿಎಸ್ ದನಿ ಒಳಗಿನಿಂದ ಹಗುರವಾಗಿ ಏಳುತ್ತದೆ, ಪದಗಳ ಅಂಚನ್ನು ಉಜ್ಜಿ ನುಣುಪು ಮಾಡುತ್ತದೆ. ಆಗಿನ್ನೂ ಇಪ್ಪತ್ತಾರರ ಎಸ್‌ಪಿಬಿ ವ್ಯಂಜನಗಳನ್ನು ಕಚ್ಚಿ ಹಾಡುತ್ತಾರೆ. ಸಾಲಿನ ಕೊನೆಯಲ್ಲಿ ಉಸಿರು ಬಿಡುವುದೇ ಬುಸುಗುಟ್ಟಿದಂತಿದೆ. ಮುಂದೆ ಇದೇ ಗಾಯಕ ವಿಷ್ಣುವರ್ಧನ್‌ಗೆ ಖಾಯಂ ದನಿಯಾದರು, ಅವರ ಜೊತೆಜೊತೆಗೆ ಶಂಕರನಾಗ್‌ಗೂ ಹಾಡಿದರು. ‘ಬಂಧನ’ದ ಹಾಡುಗಳಲ್ಲಿ ವಿಷ್ಣುಗೆ ಎದೆಯಿಂದ ಬರುವ ತುಂಬು ಸ್ವರ, ‘ಗೀತಾ’ದಲ್ಲಿ ಶಂಕರ್‌ಗೆ ನಗು ಬೆರೆತ ಹಾರುವ ಸ್ವರ. ಕಣ್ಣು ಮುಚ್ಚಿ ಕೇಳಿದರೂ ತೆರೆಯ ಮೇಲೆ ಯಾರಿದ್ದಾರೆ ಎಂದು ಹೇಳಬಹುದು. 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖ ಮಾತನ್ನೇ ಹಾಡು ಮಾಡಿದಾಗ, ಸಂಭಾಷಣೆ ಎಲ್ಲಿ ಮುಗಿದು ರಾಗ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾರದಂತೆ ಜಾರಿದ ದನಿಯೂ ಅದೇ. ತೆಲುಗು ಮನೆಮಾತಿನವರ ಬಾಯಲ್ಲಿ ‘ಹ’ಕಾರ ಅಷ್ಟು ಖಚಿತವಾಗಿ, ‘ಳ’ಕಾರ ಅಷ್ಟು ದುಂಡಗೆ ಬರುವುದು ಹೇಗೆ ಎಂದು ಒಂದಿಡೀ ಲೇಖನ ಬರೆಯಬಹುದು. 1993ರ ‘ಮುದ್ದಿನ ಮಾವ’ದಲ್ಲಂತೂ ತಮಾಷೆಯೇ ನಡೆದುಹೋಗಿದೆ: ನಟನಾಗಿ ತೆರೆಯ ಮೇಲಿದ್ದ ಎಸ್‌ಪಿಬಿಗೆ ದನಿ ಕೊಟ್ಟವರು ರಾಜಕುಮಾರ್. ಎಲ್ಲರಿಗೂ ದನಿಯಾದವರಿಗೆ, ತನ್ನ ಹಾಡನ್ನು ತಾನೇ ಹಾಡಿಕೊಳ್ಳುತ್ತಿದ್ದ ನಟನ ದನಿ! ಹಿನ್ನೆಲೆ ಗಾಯನವೆಂಬುದೇ ಎಂಥ ಒಪ್ಪಂದ, ಎಂಥ ಮಾಯೆ ಎಂಬುದನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಸತ್ತ ದಿನ ಇದನ್ನೆಲ್ಲ ಬರೆಯಲು ಪುರುಸೊತ್ತೆಲ್ಲಿ, ಸೂತಕದ ಮನೆಯಲ್ಲಿ ಲೆಕ್ಕ ತಪಾಸಣೆ ಸಲ್ಲದು ಎಂಬ ಮಾತು ಉಳಿದಿದೆ. ಸೂತಕದ ಮನೆಗೆ ಲೆಕ್ಕವನ್ನು ಹೊತ್ತು ತಂದವರು ಯಾರು ಎಂಬುದು ಮೊದಲ ಉತ್ತರ. ಪುರುಸೊತ್ತಿನ ಮಾತಿಗೆ ಬಂದರೆ, ಎಸ್‌ಪಿಬಿ ಆಸ್ಪತ್ರೆ ಸೇರಿದ್ದು ಆಗಸ್ಟ್ 5ಕ್ಕೆ. ಕೊನೆಯ ಸುದ್ದಿ ಬರುವ ತನಕ 51 ದಿನ ಕಳೆದಿದ್ದವು. ಹಿರಿಯರ ವಿಷಯದಲ್ಲಿ ಪತ್ರಿಕಾಲಯಗಳು ಮುಂಚಿತವಾಗಿ ಬರಹ ಸಿದ್ಧಪಡಿಸಿಟ್ಟುಕೊಳ್ಳುವುದು ಗುಟ್ಟೇನಲ್ಲ. ಸಮಯವಿತ್ತು, ಜಾಗವೂ ಇತ್ತು. ಪೊಲೀಸ್ ಗೌರವ, ಕುಶಾಲತೋಪು, ಭಾರತರತ್ನ ಕೊಡಿ ಎಂದು ಆಂಧ್ರದ ಮುಖ್ಯಮಂತ್ರಿ ಪ್ರಧಾನಿಗೆ ಬರೆದ ಪತ್ರ, ಮರುವರ್ಷ ಮರಣೋತ್ತರವಾಗಿ ಬಂದ ಪದ್ಮವಿಭೂಷಣ, ಎಲ್ಲಕ್ಕೂ ಅಂಕಣಗಟ್ಟಲೆ ಜಾಗ ಸಿಕ್ಕಿತು.

ಹಾಡುಗಳನ್ನು ಹೆಸರುಗಳ ಸಮೇತ ಪಟ್ಟಿ ಮಾಡುವುದು ಅಸಾಧ್ಯವೇನಲ್ಲ. ಕಾನ್ಪುರದ ಹರಮಂದಿರ್ ಸಿಂಗ್ ‘ಹಮ್‌ರಾಜ್’ ಯಾವ ಸರ್ಕಾರದ ಆದೇಶಕ್ಕೂ ಕಾಯದೆ 1931ರಿಂದ ಮೊದಲಾಗಿ ಹಿಂದಿ ಚಿತ್ರಗೀತೆಗಳನ್ನು ದಶಕಕ್ಕೊಂದು ಸಂಪುಟದಂತೆ ಪಟ್ಟಿ ಮಾಡಿದರು. ಚಿತ್ರ, ಹಾಡು, ಕವಿ, ಸಂಗೀತ, ಗಾಯಕರು. ಲತಾ ಕುರಿತ ಮೂವತ್ತು ಸಾವಿರದ ಕಥೆ ನಿಲ್ಲಲಾರದೆ ಹೋದದ್ದು ಇಂಥ ಪಟ್ಟಿಗಳ ಮುಂದೆ. ಕನ್ನಡದ ಹಾಡುಗಳು ಹಿಂದಿಯಷ್ಟು ಅಪಾರವಲ್ಲ. ಚಿತ್ರಮಂದಿರದ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕಗಳು, ಗ್ರಾಮಫೋನ್ ತಟ್ಟೆಗಳ ಲೇಬಲ್ಲು, ಕ್ಯಾಸೆಟ್ಟಿನ ಒಳಕಾಗದ, ಆಕಾಶವಾಣಿ ನಿಲಯಗಳ ಸಂಗ್ರಹ ಇವುಗಳಲ್ಲಿ ಬೇಕಾದ ಹೆಸರುಗಳಿವೆ. ಚಲನಚಿತ್ರ ಅಕಾಡೆಮಿಯಾಗಲಿ ವಿಶ್ವವಿದ್ಯಾಲಯವಾಗಲಿ ಇದನ್ನು ಕೈಗೆತ್ತಿಕೊಂಡರೆ ಕೆಲವೇ ವರ್ಷದ ಕೆಲಸ. ಅದಾಗುವ ತನಕ ಪತ್ರಿಕೆಗಳು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಮುಂದೆ ಯಾರದೇ ಸಾವಿನ ಸುದ್ದಿ ಬಂದಾಗ ಅವರ ಇಪ್ಪತ್ತು ಹಾಡುಗಳನ್ನು ಆರಿಸಿ, ಪ್ರತಿಯೊಂದರ ಎದುರು ಚಿತ್ರ, ವರ್ಷ, ಬರೆದವರು, ರಾಗ ಹಾಕಿದವರು, ಜೊತೆಗೆ ಹಾಡಿದವರು ಎಂದು ನಮೂದಿಸಲಿ. ಅದಕ್ಕೆ ಬೇಕಾದದ್ದು ಕಾಲು ಪುಟ. ಮಂತ್ರಿಗಳ ಸಂತಾಪ ಸಂದೇಶಗಳಿಗೆ ಮೀಸಲಿಡುವಷ್ಟೇ ಜಾಗ.